ಆರೋಗ್ಯ ಚಿಂತನ: ಯಂತ್ರದ ಉತ್ತರ, ವೈದ್ಯರ ನಿರ್ಣಯ

ಬಯಾಪ್ಸಿ ವರದಿಯಲ್ಲಿ ಕ್ಯಾನ್ಸರ್ ಎಂಬ ಪದ ಕಂಡೊಡನೆ ಮನೆಮಂದಿಯೆಲ್ಲ ಕಂಗಾಲಾಗುವುದು ಸಹಜ. ರೋಗ ಎಷ್ಟನೆಯ ಹಂತದಲ್ಲಿದೆ, ಗುಣವಾಗುವುದೇ, ಖರ್ಚೆಷ್ಟು ಎಂಬ ಪ್ರಶ್ನೆಗಳು ಸಾಲುಗಟ್ಟಿ ನಿಲ್ಲುತ್ತವೆ. ಕುಂದಗೋಳ ತಾಲೂಕಿನ ಹಳ್ಳಿಗಳಿಂದ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಕಿಮ್ಸ್ ಎಂದೇ ಜನಜನಿತವಾದ ಸರ್ಕಾರಿ ಆಸ್ಪತ್ರೆಗೋ ಹೋಗಿ ವೈದ್ಯರನ್ನು ಕಂಡು ಬರುವುದಕ್ಕೆ ಒಂದು ದಿನದ ದುಡಿಮೆಯನ್ನೇ ಬಿಡಬೇಕು. ಮೊಬೈಲು ಮಾತ್ರ ಮಕ್ಕಳ ಕೈಯಲ್ಲೇ ಇದೆ. ಹೀಗಾಗಿ ಚಾಟ್‌ಜಿಪಿಟಿಯಂತಹ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕೇಳುವ ರೂಢಿ ಬೆಳೆಯುತ್ತಿದೆ. ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ಅಮೆರಿಕದ ‘ಜಾಮಾ ಆಂಕಾಲಜಿ’ ವೈದ್ಯಕೀಯ ಪತ್ರಿಕೆಯಲ್ಲಿ 2023ರ ಆಗಸ್ಟ್ ತಿಂಗಳಲ್ಲಿ ಈ ಕುರಿತು ಎರಡು ಅಧ್ಯಯನಗಳು ಪ್ರಕಟವಾದವು. ಜನರು ಹೆಚ್ಚಾಗಿ ಕೇಳುವ ಸಾಮಾನ್ಯ ಪ್ರಶ್ನೆಗಳನ್ನು ನಾಲ್ಕು ಯಂತ್ರಗಳಿಗೆ ಹಾಕಿದಾಗ ಉತ್ತರಗಳು ಬಹುಮಟ್ಟಿಗೆ ಸರಿಯಾಗಿಯೇ ಇದ್ದವು. ಆದರೆ ಭಾಷೆ ಕಾಲೇಜು ಓದಿದವರ ಮಟ್ಟದ್ದಾಗಿತ್ತು, ರೋಗಿ ಮುಂದೇನು ಮಾಡಬೇಕೆಂಬುದು ಸ್ಪಷ್ಟವಿರಲಿಲ್ಲ. ಎರಡನೆಯದರಲ್ಲಿ ಬೋಸ್ಟನ್ ನಗರದ ಬ್ರಿಗಮ್ ಮಹಿಳಾ ಆಸ್ಪತ್ರೆಯ ಸಂಶೋಧಕರು ಸ್ತನ, ಶ್ವಾಸಕೋಶ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆಯ ಬಗೆಗೆ ಚಾಟ್‌ಜಿಪಿಟಿಯನ್ನು 104 ಸಲ ಪ್ರಶ್ನಿಸಿದರು. 102 ಉತ್ತರಗಳು ಚಿಕಿತ್ಸೆಯನ್ನು ಸೂಚಿಸಿದವು. ಪ್ರತಿಯೊಂದರಲ್ಲೂ ಸರಿಯಾದ ಒಂದು ಸಲಹೆಯಾದರೂ ಇತ್ತು. ಆದರೆ ಅವುಗಳಲ್ಲಿ 35 ಉತ್ತರಗಳಲ್ಲಿ ತಜ್ಞರ ಮಾರ್ಗಸೂಚಿಗೆ ಹೊಂದದ ಸಲಹೆಯೂ ಬೆರೆತಿತ್ತು.

ಗಮನಿಸಬೇಕಾದ ಅಂಶ ಇದೇ. ತಪ್ಪು ಒಂಟಿಯಾಗಿ ಬರುವುದಿಲ್ಲ. ಬಿಳಿಜೋಳದಲ್ಲಿ ಬೆರೆತ ಬಿಳಿಹರಳಿನಂತೆ ಸರಿಯಾದ ಮಾತುಗಳ ನಡುವೆಯೇ ಅಡಗಿರುತ್ತದೆ. ಅದನ್ನು ಆರಿಸಿ ತೆಗೆಯಲು ವೈದ್ಯರಿಂದ ಸಾಧ್ಯ, ಸಾಮಾನ್ಯರಿಂದ ಕಷ್ಟ. ಅಲ್ಲಿಂದೀಚೆಗೆ ಬಂದ ಯಂತ್ರಗಳು ಸುಧಾರಿಸಿವೆ ನಿಜ. ಆದರೂ ಅವು ಅಪಾರ ಬರಹಗಳನ್ನು ಅರಗಿಸಿಕೊಂಡು, ಯಾವ ಪದದ ಮುಂದೆ ಯಾವ ಪದ ಬರಬಹುದೆಂದು ಅಳೆದು ವಾಕ್ಯ ಹೆಣೆಯುವಂಥವು. ರೋಗಿಯ ಗಂಟನ್ನು ಮುಟ್ಟಿ ನೋಡಿದವಲ್ಲ.

ನಮ್ಮ ಭಾಗದಲ್ಲಿ ಇದರ ಅಪಾಯ ಬಾಯಿಯ ಕ್ಯಾನ್ಸರಿನಲ್ಲಿ ಹೆಚ್ಚು. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಲಾಗಿದ್ದರೂ ತಂಬಾಕು, ಅಡಿಕೆ ಅಗಿಯುವ ಚಟ ಹೋಗಿಲ್ಲ. ಬಾಯಿಹುಣ್ಣು ಉಷ್ಣದಿಂದಲೂ ಬರುತ್ತದೆಂದು ಯಂತ್ರ ಹೇಳಿದ ಒಂದು ಸಮಾಧಾನದ ಮಾತಿಗೆ ಮೂರು ತಿಂಗಳು ಕಳೆದುಹೋದರೆ, ಸಣ್ಣ ಶಸ್ತ್ರಚಿಕಿತ್ಸೆಯಿಂದ ಮುಗಿಯಬಹುದಾಗಿದ್ದ ರೋಗ ದವಡೆಗೂ ಕುತ್ತಿಗೆಯ ಗಂಟುಗಳಿಗೂ ಹಬ್ಬಬಹುದು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವು ಕಂಡಲ್ಲಿ ಯಾರನ್ನೂ ಕೇಳುತ್ತ ಕೂಡದೆ ತಾಲೂಕು ಆಸ್ಪತ್ರೆಗೆ ಹೋಗತಕ್ಕದ್ದು.

ಹಾಗೆಂದು ಯಂತ್ರವನ್ನು ದೂರವಿಡಬೇಕಾಗಿಲ್ಲ. ವರದಿಯಲ್ಲಿನ ಕಠಿಣ ಪದಗಳ ಅರ್ಥವನ್ನು ತಿಳಿಗನ್ನಡದಲ್ಲಿ ಕೇಳಬಹುದು. ವೈದ್ಯರ ಮುಂದೆ ಇಡಬೇಕಾದ ಪ್ರಶ್ನೆಗಳನ್ನು ಅದರ ನೆರವಿನಿಂದ ಬರೆದಿಟ್ಟುಕೊಳ್ಳಬಹುದು. ರೋಗಿಯ ಹೆಸರು, ಆಧಾರ್ ಸಂಖ್ಯೆ ಕೊಡಬಾರದು. ಅದು ಹೇಳಿತೆಂದು ಔಷಧಿ ಬಿಡುವುದಾಗಲಿ, ಬದಲಿಸುವುದಾಗಲಿ ಸಲ್ಲದು. ಖರ್ಚಿನ ವಿಷಯವಾದರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿಯೇ ವಿಚಾರಿಸುವುದು ಲೇಸು.

ಓದುಗ ಬಂಧುಗಳೇ, ಮನೆಯ ಹಿರಿಯರು ಆಸ್ಪತ್ರೆಗೆ ಹೊರಟಾಗ ಓದು ಬಲ್ಲ ಮಕ್ಕಳೊಬ್ಬರು ಜೊತೆಗಿರಲಿ. ಅವರ ಕೈಯಲ್ಲಿ ವರದಿಯ ಕಡತವೂ ಪ್ರಶ್ನೆಗಳ ಚೀಟಿಯೂ ಇರಲಿ. ಪ್ರಶ್ನೆಗೆ ಯಂತ್ರ ನೆರವಾಗಲಿ. ನಿರ್ಣಯ ಮಾತ್ರ ರೋಗಿಯನ್ನು ಕಣ್ಣಾರೆ ಕಂಡ ವೈದ್ಯರದಾಗಿರಲಿ.