ಸಂದರ್ಶನದ ಮೂರು ನಿಮಿಷಗಳು

ಅಲ್ಪಸಂಖ್ಯಾತರ ವೈದ್ಯಕೀಯ ಕಾಲೇಜುಗಳಿಗೂ ನೀಟ್ ಪರೀಕ್ಷೆ ಅನ್ವಯವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಏಪ್ರಿಲ್‌ನಲ್ಲಿ ತೀರ್ಪಿತ್ತಂದಿನಿಂದ ನಮ್ಮ ಕುಟುಂಬಗಳಲ್ಲಿ ಒಂದು ಕೊರಗು ಉಳಿದಿದೆ. ಸೇವಾಮನೋಭಾವದ ಮಕ್ಕಳನ್ನು ಸಂದರ್ಶನದ ಮೂಲಕ ಆರಿಸಿಕೊಳ್ಳುವ ಸ್ವಾತಂತ್ರ್ಯ ನಮ್ಮ ಸಂಸ್ಥೆಗಳ ಕೈತಪ್ಪಿತು ಎಂಬುದೇ ಆ ಕೊರಗು. ಇದೇ ತತ್ತ್ವದ ಹೋರಾಟದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 2017ರಲ್ಲಿ ಎಂ.ಬಿ.ಬಿ.ಎಸ್.ನ ನೂರು ಸ್ಥಾನಗಳಲ್ಲಿ ಒಂದನ್ನು ಮಾತ್ರ ತುಂಬಿತು. ಕೊರಗು ಸಹಜವೇ. ಆದರೆ ಸಂದರ್ಶನವು ಅಳೆಯುವುದು ಏನನ್ನು?

ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಅಂದಿನ ಮೈಸೂರು ಸರ್ಕಾರವು ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ಪ್ರವೇಶಕ್ಕೆ ಸಂದರ್ಶನದ ಅಂಕಗಳನ್ನು ಸೇರಿಸಿದ್ದು ವ್ಯಾಜ್ಯಕ್ಕೆ ಎಡೆಮಾಡಿತು. ದುರುಪಯೋಗದ ಸಾಧ್ಯತೆಯೊಂದರಿಂದಲೇ ಪದ್ಧತಿ ಅಸಿಂಧುವಾಗದೆಂದು ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಅದನ್ನು ಮಾನ್ಯಮಾಡಿತು. 1980ರಲ್ಲಿ, ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಮೊಕದ್ದಮೆಯಲ್ಲಿ, ಧೋರಣೆ ಬಿಗಿಯಾಯಿತು. ಅಲ್ಲಿ 150 ಅಂಕಗಳ ಪೈಕಿ 50 ಸಂದರ್ಶನಕ್ಕೆ ಮೀಸಲು. ಒಬ್ಬೊಬ್ಬರಿಗೆ ದೊರೆತದ್ದು ಎರಡು ಮೂರು ನಿಮಿಷ. ಕೇಳಿದ್ದು ತಂದೆತಾಯಿ ಯಾರು, ಮನೆ ಎಲ್ಲಿ ಎಂದು. ಶೇಕಡ 15ಕ್ಕಿಂತ ಹೆಚ್ಚು ಅಂಕ ಸಲ್ಲದೆಂದು ನ್ಯಾಯಾಲಯ ಹೇಳಿತು.

ತಂದೆಯ ಉದ್ಯೋಗವನ್ನು ಕೇಳಿ ತಿಳಿದವನ ಕೈಯಲ್ಲಿರುವ ಲೇಖನಿ ಅಳುಕದೆ ಅಂಕ ಹಾಕೀತೇ? ಪಕ್ಷಪಾತಕ್ಕೆ ದುರುದ್ದೇಶವೇ ಬೇಕಿಲ್ಲ. ನಿರರ್ಗಳ ಇಂಗ್ಲಿಷು, ಇಸ್ತ್ರಿ ಮಾಡಿದ ಅಂಗಿ, ಪರಿಚಿತ ಮನೆತನದ ಹೆಸರು, ಇವೇ ಸಾಕು. ಗುಣ ಬೇರೆ, ಗುಣದ ಪ್ರದರ್ಶನ ಬೇರೆ. ಜೆಸ್ಸೆಯ ಮನೆಗೆ ಹೋದ ಪ್ರವಾದಿ ಸಮುವೇಲನೂ ಮೊದಲು ಹಿರಿಯ ಮಗನ ನಿಲುವಿಗೆ ಮನಸೋತಿದ್ದನು. ಅಮೆರಿಕದ ಹ್ಯೂಸ್ಟನ್‌ನಲ್ಲಿ 1979ರಲ್ಲಿ ವೈದ್ಯಕೀಯ ಸ್ಥಾನಗಳನ್ನು ದಿಢೀರನೆ ಹೆಚ್ಚಿಸಬೇಕಾಗಿ ಬಂದು, ಮೊದಲು ತಿರಸ್ಕೃತರಾಗಿದ್ದ 50 ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲಾಯಿತು. ಮುಂದೆ ಅವರ ಸಾಧನೆ ಇತರರಿಗಿಂತ ಕಡಿಮೆಯಿರಲಿಲ್ಲ! ಸಂದರ್ಶಕರ ಆಯ್ಕೆಯ ಬೆಲೆ ಅಷ್ಟೇ.

ಹಾಗೆಂದು ನೀಟ್ ನಿಷ್ಪಕ್ಷಪಾತವೆಂದು ನಾವು ಹೇಳೆವು. 2017ರಿಂದ ಕನ್ನಡದಲ್ಲೂ ಬರೆಯಬಹುದಾದರೂ ತರಬೇತಿಗೆ ಲಕ್ಷಗಟ್ಟಲೆ ತೆರಬಲ್ಲ ಮನೆಗೂ ಕೂಲಿಯ ಮನೆಗೂ ಪೈಪೋಟಿ ಸಮವಲ್ಲ. ವೆಲ್ಲೂರಿನವರು ದಿನಗಟ್ಟಲೆ ಜೊತೆಗಿರಿಸಿಕೊಂಡು ಪರೀಕ್ಷಿಸುತ್ತಿದ್ದುದರಲ್ಲಿ ಅರ್ಥವಿತ್ತು; ಮೂರು ನಿಮಿಷದ ಮಾತುಕತೆಯನ್ನು ಅದಕ್ಕೆ ಹೋಲಿಸಲಾಗದು.

ಸೇವೆಯ ಮನಸ್ಸನ್ನು ಅರಿಯಲು ಪ್ರವೇಶದ ದಿನವೇ ಏಕೆ? ಪದವಿಯ ನಂತರ ಗ್ರಾಮಾಂತರ ಆಸ್ಪತ್ರೆಯಲ್ಲಿ ದುಡಿಯುವ ಕರಾರನ್ನು ನೀಟ್ ರದ್ದುಮಾಡಿಲ್ಲ. ಸಂದರ್ಶನಕ್ಕಾಗಿ ಕೊರಗುವ ತಂದೆತಾಯಿಗಳು, ಮಗನ ಪದವಿ ಮುಗಿದ ದಿನ ದಂಡ ಕಟ್ಟಿ ಕರಾರಿನಿಂದ ಬಿಡಿಸಿಕೊಳ್ಳಲು ಎಷ್ಟಾಗುತ್ತದೆಂದು ವಿಚಾರಿಸದಿರುವರೇ?