ಮೈತೂಕ ಮೂಳೆಗೆ ರಕ್ಷೆಯಲ್ಲ

ಮೈ ತುಂಬಿಕೊಂಡವರ ಮೂಳೆ ಗಟ್ಟಿ ಎಂಬ ನಂಬಿಕೆ ಮನೆಗಳಲ್ಲಷ್ಟೇ ಅಲ್ಲ, ವೈದ್ಯಲೋಕದಲ್ಲೂ ಬಹುಕಾಲ ಬೇರೂರಿತ್ತು. ಅದು ಬುಡವಿಲ್ಲದ ಮಾತೇನಲ್ಲ. ಹೊತ್ತ ಭಾರಕ್ಕೆ ತಕ್ಕಂತೆ ಮೂಳೆ ಬಲಿಯುತ್ತದೆ. ಮುಟ್ಟು ನಿಂತ ಮೇಲೆ ಮೈಯ ಕೊಬ್ಬೇ ಒಂದಿಷ್ಟು ಈಸ್ಟ್ರೋಜೆನ್ ತಯಾರಿಸಿ ಮೂಳೆಯ ಸವೆತವನ್ನು ತಗ್ಗಿಸುತ್ತದೆ. ಆದರೆ ಹತ್ತು ದೇಶಗಳ 60 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ‘ಗ್ಲೋ’ ಅಧ್ಯಯನದ 2011ರ ವರದಿ ಬೇರೆಯದೇ ಚಿತ್ರ ಕೊಟ್ಟಿತು. 55 ದಾಟಿದ ಈ ಮಹಿಳೆಯರ ಮೂಳೆಮುರಿತಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಬೊಜ್ಜು ಇದ್ದವರದ್ದು. ಪಾದದ ಕೀಲು ಮತ್ತು ತೊಡೆಯ ಮೂಳೆ ಮುರಿಯುವ ಅಪಾಯ ಅವರಲ್ಲೇ ಹೆಚ್ಚು. ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ಸಾಮಾನ್ಯವಾಗಿ ನೋಡುವುದು ಬೆನ್ನುಮೂಳೆ ಮತ್ತು ಸೊಂಟವನ್ನು. ಪಾದದ ಕೀಲು ಅದರ ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕಿಂತ ಕಳವಳದ ಸಂಗತಿಯೆಂದರೆ, ಮೂಳೆ ಮುರಿದ ಮೇಲೂ ರಕ್ಷಣಾ ಔಷಧ ಪಡೆಯುತ್ತಿದ್ದವರು ಬೊಜ್ಜು ಇದ್ದವರಲ್ಲಿ ಶೇ 27 ಮಾತ್ರ, ಉಳಿದವರಲ್ಲಿ ಶೇ 41. ಹಳೆಯ ನಂಬಿಕೆ ಚಿಕಿತ್ಸೆಯನ್ನೇ ತಪ್ಪಿಸುತ್ತಿದೆ ಎನ್ನದೆ ಬೇರೆ ದಾರಿಯಿಲ್ಲ.

ಬೊಜ್ಜಿದ್ದೂ ಮೂಳೆ ಮುರಿಯುವುದಕ್ಕೆ ಒಂದು ಕಾರಣ ಮೂಳೆಯ ಒಳಗೇ ಇದೆ. ಮಜ್ಜೆಯಲ್ಲಿರುವ ಒಂದು ಬಗೆಯ ಆಕರಕೋಶ ಮೂಳೆ ಕಟ್ಟುವ ಕೋಶವಾಗಬಹುದು, ಕೊಬ್ಬಿನ ಕೋಶವೂ ಆಗಬಹುದು. ಒಂದು ಕಡೆ ವಾಲಿದರೆ ಇನ್ನೊಂದು ಕಡೆಗೆ ನಷ್ಟ. ಈ ಕೋಶವನ್ನು ಕೊಬ್ಬಿನತ್ತ ತಿರುಗಿಸುವ ರೋಸಿಗ್ಲಿಟಜೋನ್ ಎಂಬ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ ಮಹಿಳೆಯರಲ್ಲಿ ಮೂಳೆಮುರಿತ ಹೆಚ್ಚಿದ್ದು 2006ರ ಸುಮಾರಿಗೆ ಬೆಳಕಿಗೆ ಬಂದಾಗ ಈ ವಾದಕ್ಕೆ ಬಲ ಬಂತು. ಹೊಟ್ಟೆಯೊಳಗಿನ ಕೊಬ್ಬು ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಮೂಳೆ ಕರಗಿಸುವ ಕೋಶಗಳಿಗೆ ಅವು ಚುರುಕು ಮುಟ್ಟಿಸುತ್ತವೆ. ಡಿ ವಿಟಮಿನ್ ಕೊಬ್ಬಿನಲ್ಲಿ ಅಡಗಿ ಕೂರುವುದರಿಂದ ರಕ್ತಕ್ಕೆ ಸಿಗುವುದೂ ಕಡಿಮೆ. ಹಾಗಾಗಿ ತಕ್ಕಡಿಯ ಮುಳ್ಳಿಗಿಂತ ಸೊಂಟದ ಸುತ್ತಳತೆ ಮುಖ್ಯ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತೀಯ ವಯಸ್ಕರಲ್ಲಿ ಶೇ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜು ಇದೆ.

ಹಾಗಾದರೆ ತಿನ್ನುವ ಜಿಡ್ಡೇ ತಪ್ಪಿತಸ್ಥನೇ? ಇಲ್ಲಿ ಎಚ್ಚರ ಬೇಕು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿನ್ನುವವರಲ್ಲಿ ಸೊಂಟದ ಮೂಳೆಯ ಸಾಂದ್ರತೆ ಕಡಿಮೆ ಇದ್ದುದನ್ನು, ವಿಶೇಷವಾಗಿ 50ರೊಳಗಿನ ಪುರುಷರಲ್ಲಿ, ಅಮೆರಿಕದ ಸಮೀಕ್ಷೆಯೊಂದರ ದತ್ತಾಂಶ ತೋರಿಸಿದೆ. ಈ ಕೊಬ್ಬಿನ ಒಂದಷ್ಟು ಪಾಲು ಕರುಳಿನಲ್ಲಿ ಕ್ಯಾಲ್ಸಿಯಂ ಜತೆ ಸೇರಿ ಕರಗದ ಸಾಬೂನಿನಂತಾಗಿ ಹೊರಹೋಗುತ್ತದೆ ಎಂಬುದೂ ಗೊತ್ತಿದೆ. ಆದರೆ ಸುಮಾರು 49 ಸಾವಿರ ಮಹಿಳೆಯರ ಮೇಲೆ ಅಮೆರಿಕದಲ್ಲೇ ನಡೆದ ದೊಡ್ಡ ಪ್ರಯೋಗದಲ್ಲಿ ಒಟ್ಟು ಜಿಡ್ಡು ಇಳಿಸಿದರೂ ಸೊಂಟದ ಮೂಳೆಮುರಿತ ಕಡಿಮೆಯಾಗಲಿಲ್ಲ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಡಿ ಮತ್ತು ಕೆ ವಿಟಮಿನ್‌ಗಳು ಮೈಗೆ ಹತ್ತಲು ಜಿಡ್ಡು ಬೇಕೇ ಬೇಕು. ಅನ್ನಕ್ಕೆ ಹಾಕಿಕೊಳ್ಳುವ ಒಂದು ಚಮಚ ತುಪ್ಪವನ್ನೂ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕರಿದ ಬೋಂಡಾವನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ಸಲ್ಲದು. ಮೂಳೆಗೆ ಪೆಟ್ಟು ಬೀಳುವುದು ಮುಖ್ಯವಾಗಿ, ಅಗತ್ಯ ಮೀರಿದ ಜಿಡ್ಡು ಮತ್ತು ಸಕ್ಕರೆ ಹೊಟ್ಟೆಯ ಸುತ್ತ ಶೇಖರವಾದಾಗ ಎಂಬುದು ನನ್ನ ತೀರ್ಮಾನ.

ತೂಕ ಇಳಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೂ ಒಂದು ಮಾತು ಹೇಳಬೇಕು. ಬೊಜ್ಜಿರುವ 107 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷ ಬರೀ ಊಟ ಕಡಿಮೆ ಮಾಡಿದವರ ಸೊಂಟದ ಮೂಳೆಯ ಸಾಂದ್ರತೆ ಶೇ 2.6ರಷ್ಟು ಕುಸಿಯಿತು, ಪಥ್ಯದ ಜತೆ ವ್ಯಾಯಾಮವನ್ನೂ ಮಾಡಿದವರಲ್ಲಿ ಕುಸಿತ ಶೇ 1.1 ಮಾತ್ರ. 2025ರ ಫೆಬ್ರುವರಿಯಲ್ಲಿ ಪ್ರಧಾನಿ, ಬೊಜ್ಜು ತಗ್ಗಿಸಲೆಂದು ಅಡುಗೆ ಎಣ್ಣೆಯ ಬಳಕೆಯನ್ನು ಶೇ 10ರಷ್ಟು ಇಳಿಸಲು ಕರೆ ಕೊಟ್ಟರು. ಒಳ್ಳೆಯದೇ. ಆದರೆ ಬೊಜ್ಜಿನ ಮಾತು ಬಂದಾಗಲೆಲ್ಲ ಹೃದಯ ಮತ್ತು ಸಕ್ಕರೆ ಕಾಯಿಲೆಯಷ್ಟೇ ಚರ್ಚೆಯಾಗುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ, ಮುಟ್ಟು ನಿಂತ ಮಹಿಳೆಯ ಬಿ.ಪಿ., ಸಕ್ಕರೆ ನೋಡುವಾಗಲೇ ಸೊಂಟದ ಸುತ್ತಳತೆ ಅಳೆಯಬೇಕು. ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದೀರಾ, ಮೂಳೆ ಮುರಿದಿತ್ತೇ ಎಂದು ಕೇಳಬೇಕು. ತೂಕ ಇಳಿಸಿ ಎಂದು ಚೀಟಿಯಲ್ಲಿ ಬರೆಯುವ ವೈದ್ಯರು ಅದರ ಕೆಳಗೇ ಬೇಳೆಕಾಳು, ರಾಗಿ, ಹಾಲು, ಸ್ನಾಯು ಬಲಪಡಿಸುವ ವ್ಯಾಯಾಮ ಇವನ್ನೂ ಬರೆಯಲಿ.