ಗೆಲಾಕ್ಸಿಗಳ ಪ್ರಭಾವಳಿ ಎಲ್ಲಿ?

ದೇವರ ಮೂರ್ತಿಯ ಹಿಂದಿನ ಪ್ರಭಾವಳಿಯನ್ನು ನೀವೆಲ್ಲ ನೋಡಿದ್ದೀರಿ. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಕೆಲವು ಗೆಲಾಕ್ಸಿಗಳ ಸುತ್ತಲೂ ಗಾಮಾ ಕಿರಣಗಳ ಪ್ರಭಾವಳಿ ಇರಬೇಕೆಂದು ಭೌತವಿಜ್ಞಾನ ಹೇಳುತ್ತದೆ. ಅದು ಯಾರಿಗಾದರೂ ಕಂಡಿದೆಯೇ?

ಈ ಗೆಲಾಕ್ಸಿಗಳ ನಡುವೆ ಬೃಹತ್ ಕಪ್ಪುಕುಳಿ ಇದೆ. ಅದರ ಬಳಿಯಿಂದ ಚಿಮ್ಮುವ ಅತಿ ಶಕ್ತಿಯ ಗಾಮಾ ಕಿರಣಗಳು ದಾರಿಯಲ್ಲಿ ನಕ್ಷತ್ರಗಳ ಮಂದ ಬೆಳಕಿಗೆ ಡಿಕ್ಕಿ ಹೊಡೆದು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳಾಗುತ್ತವೆ. ವಿದ್ಯುದಂಶವಿರುವ ಈ ಕಣಗಳನ್ನು ಕಾಂತಕ್ಷೇತ್ರ ಬಾಗಿಸುತ್ತದೆ. ಬಾಗಿದ ಕಣಗಳು ಮಹಾಸ್ಫೋಟದಿಂದ ಉಳಿದ ವಿಕಿರಣಕ್ಕೆ ತಾಗಿದಾಗ ಮತ್ತೆ ಗಾಮಾ ಕಿರಣ ಹುಟ್ಟುತ್ತದೆ. ಅದು ತುಸು ಓರೆಯಾಗಿ ಬರುವುದರಿಂದ ಗೆಲಾಕ್ಸಿಯ ಸುತ್ತ ಮಸುಕಾದ ಬಳೆ ಕಾಣಬೇಕು. ಅದನ್ನು ಅಳೆದರೆ ಗೆಲಾಕ್ಸಿಗಳ ನಡುವಿನ ಬಯಲಿನಲ್ಲಿ ಕಾಂತಕ್ಷೇತ್ರ ಎಷ್ಟಿದೆ ಎಂದು ತಿಳಿದೀತು.

2010ರಲ್ಲಿ ಆಂಡೊ ಮತ್ತು ಕುಸೆಂಕೊ ಎಂಬ ವಿಜ್ಞಾನಿಗಳು ಫರ್ಮಿ ಉಪಗ್ರಹ ಕಂಡ 170 ಗೆಲಾಕ್ಸಿಗಳ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಪ್ರಭಾವಳಿಯ ಗುರುತು ಸಿಕ್ಕಿತು ಎಂದರು.

ಈಗ ಯೋಚಿಸಿ. ಮಳೆಗಾಲದ ರಾತ್ರಿ ಕುಂದಾಪುರದ ದಡದಿಂದ ಗಂಗೊಳ್ಳಿಯ ದೀಪದ ಸುತ್ತ ಬಳೆ ಕಂಡರೆ, ಅದು ಹೊಳೆಯ ಮೇಲಿನ ಹನಿಗಳದೋ, ನಿಮ್ಮ ಕನ್ನಡಕದ ತೇವದ್ದೋ? ಮನೆಯೊಳಗಿನ ದೀಪ ನೋಡಿ. ಅಲ್ಲೂ ಅಷ್ಟೇ ಬಳೆ ಇದ್ದರೆ ಕನ್ನಡಕ ಒರೆಸಿಕೊಳ್ಳಿ!

ನೆರೊನೊವ್ ಮತ್ತು ಸಂಗಡಿಗರು ಮಾಡಿದ್ದೂ ಇದನ್ನೇ. ಅವರು ನಮ್ಮದೇ ಗೆಲಾಕ್ಸಿಯ ಏಡಿ ನೀಹಾರಿಕೆಯನ್ನು ಪರೀಕ್ಷಿಸಿದರು. ಅದಕ್ಕೆ ಇಂಥ ಪ್ರಭಾವಳಿ ಇರಲು ಕಾರಣವಿಲ್ಲ. ಆದರೂ ಅದೇ ಮಸುಕು ಕಂಡಿತು. ಅಂದರೆ, ದೂರದರ್ಶಕ ಒಂದು ಚುಕ್ಕೆಯನ್ನು ಎಷ್ಟು ಹರಡಿ ತೋರಿಸುತ್ತದೆ ಎಂಬ ಲೆಕ್ಕವೇ ಸರಿ ಇರಲಿಲ್ಲ. 2015ರಲ್ಲಿ ಇನ್ನೊಂದು ತಂಡ ಸುಳಿವು ಸಿಕ್ಕಿತೆಂದಿತು. 2018ರಲ್ಲಿ ಫರ್ಮಿ ತಂಡ ಹೆಚ್ಚಿನ ಮಾಹಿತಿಯೊಂದಿಗೆ ಹುಡುಕಿದಾಗ ಪ್ರಭಾವಳಿ ಸಿಗಲಿಲ್ಲ.

ಹಾಗೆಂದು ಶ್ರಮ ವ್ಯರ್ಥವಲ್ಲ. ಕಾಂತಕ್ಷೇತ್ರ ತೀರ ದುರ್ಬಲವಾಗಿದ್ದರೆ ಮರುಹುಟ್ಟಿದ ಕಿರಣಗಳು ನೇರವಾಗಿಯೇ ಬಂದು ಗೆಲಾಕ್ಸಿ ಇನ್ನಷ್ಟು ಬೆಳಗಬೇಕಿತ್ತು. ಹಾಗಾಗಿಲ್ಲ. ಆದ್ದರಿಂದ ಆ ಬಯಲು ಕಾಂತಕ್ಷೇತ್ರವಿಲ್ಲದ ಬರಿದಲ್ಲ ಎಂದು ಹಲವರು ತರ್ಕಿಸುತ್ತಾರೆ.

ನಮ್ಮವರೂ ಇಂಥ ಗೆಲಾಕ್ಸಿಗಳ ಮೇಲೆ ಕಣ್ಣಿಟ್ಟಿದ್ದಾರೆ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹಾಗೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಿಲ್ಲಿಸಿದ 'ಹಗಾರ್' ದೂರದರ್ಶಕಗಳು, ಮಾರ್ಕೇರಿಯನ್ 421 ಎಂಬ ಗೆಲಾಕ್ಸಿ 2010ರ ಫೆಬ್ರವರಿಯಲ್ಲಿ ಭುಗಿಲೆದ್ದುದನ್ನು ದಾಖಲಿಸಿದವು. 2024ರ ಅಕ್ಟೋಬರಿನಲ್ಲಿ ಅಲ್ಲೇ 21 ಮೀಟರ್ ವ್ಯಾಸದ 'ಮೇಸ್' ಉದ್ಘಾಟನೆಯಾಯಿತು.

ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜಿನ ಶೂನ್ಯದೋಷವನ್ನು ಮೊದಲು ನೋಡಿ ಎಂದು ಮೇಷ್ಟರು ಯಾಕೆ ಒತ್ತಾಯಿಸುತ್ತಾರೆಂದು ಈಗ ಗೊತ್ತಾಯಿತಲ್ಲ? ತಂತಿಯ ದಪ್ಪಕ್ಕೂ ಗೆಲಾಕ್ಸಿಯ ಪ್ರಭಾವಳಿಗೂ ನಿಯಮ ಒಂದೇ: ಅಳೆಯುವ ಮೊದಲು ಅಳತೆಗೋಲನ್ನೇ ಅಳೆಯಬೇಕು.